ಮೆಡಿಕಲ್ ಕಾಲೇಜಿನ ಸಂಶೋಧನಾ ಸುದ್ದಿ ಊರ ಗೋಡೆಪತ್ರಿಕೆಗೆ ಹೆಂಗ ಬರೀಬೇಕು? (ಬೆಳಗಾವಿ ಜಿಲ್ಲೆ)

ಗೋಡೆಪತ್ರಿಕೆ ಖಾನಾಪುರ · 12 ಜೂನ್ 2021, ಬೆಳಿಗ್ಗೆ 9:10

ಎಲ್ಲಾರಿಗೂ ಶರಣ್ರಿ. ಖಾನಾಪುರ ತಾಲ್ಲೂಕಿನ ಹಳ್ಳಿಗೋಳಿಗೆ ತಿಂಗಳಿಗೊಂದು ಗೋಡೆಪತ್ರಿಕೆ ಹೋಗತೈತಿ. ಎ3 ಹಾಳಿ, ಎಡಕ್ಕ ಕನ್ನಡ, ಬಲಕ್ಕ ಮರಾಠಿ. ಹಾಲಿನ ಡೇರಿ, ಪಂಚಾಯ್ತಿ, ಅಂಗನವಾಡಿ ಗ್ವಾಡಿಗೆ ಹಚ್ಚತೀವಿ. ಈ ಸಲ ಒಂದು ಮೆಡಿಕಲ್ ಕಾಲೇಜಿನ ಸುದ್ದಿಪತ್ರ ಕೈಗೆ ಬಂದೈತಿ. ಅದರಾಗ ಐದು ಸುದ್ದಿ ಅದಾವ. ಕೋವಿಡ್‌ಗೆ ಐದೈದು ಮಂದಿ ಸ್ಯಾಂಪಲ್ ಕೂಡಿಸಿ ಒಂದ ಟೆಸ್ಟ್ ಮಾಡಿ ವೇಗ ಹೆಚ್ಚಿಸಿದ್ದು. ಪ್ಲಾಸ್ಮಾ (ಕೋವಿಡ್ ಬಂದು ಆರಾಮ ಆದವರ ರಕ್ತದ ತಿಳಿ ಭಾಗ) ತಗೊಂಡ ರೋಗಿಗಳು "ಉತ್ತಮವಾಗಿ ಸ್ಪಂದಿಸಿದ್ದು". ಗೂಗಲ್ ಫಾರ್ಮ್ ಸಮೀಕ್ಷೆಯಿಂದ "ಜಿಲ್ಲೆಯ ಜನರಲ್ಲಿ ಲಸಿಕೆಯ ಅರಿವು ಚೆನ್ನಾಗಿದೆ" ಅಂತ ಗೊತ್ತಾಗಿದ್ದು. ಹೊಸ ಔಷಧಿ ಪ್ರಯೋಗಕ್ಕ ಸ್ವಯಂಸೇವಕರು ಬೇಕು ಅನ್ನೋ ಕರೆ. ಮತ್ತ ಹೊಸ ಆಕ್ಸಿಜನ್ ಘಟಕ.

ಇದ್ದಂಗ ಬರದು ಹಚ್ಚಬೇಕೊ, ಏನರ ಸೇರಿಸಬೇಕೊ? ಒಂದೊಂದು ಸುದ್ದಿಗೆ 60 ಶಬ್ದದ ಜಾಗ ಐತಿ. 20ನೇ ತಾರೀಕಿಗೆ ಮುದ್ರಣಕ್ಕ ಹೋಗಬೇಕು.

ಮಲಪ್ರಭಾ ದಂಡಿ · 9:32

ಇದ್ದಂಗ ಹಚ್ಚಬ್ಯಾಡ್ರಿ. ಪ್ಲಾಸ್ಮಾ ಸುದ್ದಿ ಅಂತೂ ಬ್ಯಾಡೇ ಬ್ಯಾಡ. ಪ್ರತಿ ಸುದ್ದಿಗೂ ಮೊದಲು ಮೂರು ಪ್ರಶ್ನೆ ಹಾಕ್ರಿ: ಎಷ್ಟು ಮಂದಿ ಮ್ಯಾಲೆ ಮಾಡಿದ್ರು? ಯಾರ ಜೋಡಿ ಹೋಲಿಸಿದ್ರು? ಏನು ಅಳದ್ರು? ಮೂರಕ್ಕೂ ಸುದ್ದಿಪತ್ರದಾಗ ಉತ್ತರ ಇಲ್ಲಂದ್ರ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗಕ್ಕ ಫೋನ್ ಹಚ್ಚಿ ಕೇಳ್ರಿ. ಕೇಳಿದ್ರ ಹೇಳತಾರ. ಸುದ್ದಿಪತ್ರ ಬರಿಯೋರು ಬ್ಯಾರೆ, ಅಧ್ಯಯನ ಮಾಡೋರು ಬ್ಯಾರೆ ಇರತಾರ.

"ಉತ್ತಮವಾಗಿ ಸ್ಪಂದಿಸಿದರು" ಅನ್ನೋದರಾಗ ಹೋಲಿಕೆನ ಇಲ್ಲ. ಕೋವಿಡ್ ಬಂದವರೊಳಗ ಬಹಳಷ್ಟು ಮಂದಿ ಏನೂ ಕೊಡದಿದ್ರೂ ಆರಾಮ ಆಗತಾರ. ಅಂಥವರಿಗೆ ಕಬ್ಬಿನ ಹಾಲು ಕೊಟ್ಟಿದ್ರೂ "ಸ್ಪಂದಿಸಿದರು" ಅಂತ ಬರೀಬಹುದಿತ್ತು.

ಎರಡನೇ ಗೇಟ್ · 9:41

ಪ್ಲಾಸ್ಮಾದಿಂದ ಗುಣವಾದವರು ಇದ್ದಾರಲ್ಲ? ಏಪ್ರಿಲ್‌ನಲ್ಲಿ ಊರಿಗೆ ಊರೇ ದಾನಿಗಳನ್ನು ಹುಡುಕುತ್ತಿತ್ತು. ಅಷ್ಟೂ ವೈದ್ಯರು ತಪ್ಪು ಅನ್ನುವುದು ಸರಿಯಲ್ಲ.

ಮಲಪ್ರಭಾ ದಂಡಿ · 9:58

ವೈದ್ಯರು ತಪ್ಪು ಅಂತ ಅಲ್ರಿ. ಪರೀಕ್ಷಾ ಮಾಡಿ ನೋಡೋತನಕ ಯಾರಿಗೂ ಗೊತ್ತಿರಲಿಲ್ಲ. ಆ ಪರೀಕ್ಷಾ ನಮ್ಮ ದೇಶದಾಗನ ಆತು. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಮಾಡಿದ ಪ್ಲಾಸಿಡ್ ಅಧ್ಯಯನ, 2020ರ ಏಪ್ರಿಲ್ 22ರಿಂದ ಜುಲೈ 14ರ ತನಕ, 39 ಆಸ್ಪತ್ರೆ, 464 ರೋಗಿಗಳು. 235 ಮಂದಿಗೆ ಪ್ಲಾಸ್ಮಾ ಜೋಡಿ ಮಾಮೂಲಿ ಉಪಚಾರ, 229 ಮಂದಿಗೆ ಬರೇ ಮಾಮೂಲಿ ಉಪಚಾರ. ರೋಗ ಉಲ್ಬಣ ಆದವರು ಇಲ್ಲಾ 28 ದಿನದೊಳಗ ತೀರಿಕೊಂಡವರು ಸೇರಿ ಪ್ಲಾಸ್ಮಾ ಗುಂಪಿನಾಗ 19%, ಇನ್ನೊಂದರಾಗ 18%. ಅಂದ್ರ ಫರಕಿಲ್ಲ. ಅಕ್ಟೋಬರ್ 2020ಕ್ಕ ಬಿಎಂಜೆ ಪತ್ರಿಕೆಯೊಳಗ ಪ್ರಕಟ ಆತು. ಈ ವರ್ಷ ಮೇ 17ಕ್ಕ ಪ್ಲಾಸ್ಮಾನ ರಾಷ್ಟ್ರೀಯ ಚಿಕಿತ್ಸಾ ಮಾರ್ಗಸೂಚಿಯಿಂದ ತೆಗೆದರು.

ಊರಿಗೆ ಊರ ದಾನಿಗಳನ್ನ ಹುಡುಕೋ ಹೊತ್ತಿಗೆ ಈ ಫಲಿತಾಂಶ ಬಂದು ಆರು ತಿಂಗಳಾಗಿತ್ತು. ನಿಮ್ಮ ಗೋಡೆಪತ್ರಿಕೆ ಮಾಡಬೇಕಾದ ಕೆಲಸ ಇಂಥಾದ್ದು.

ಪಿಪೆಟ್ · 10:15

ಮೊದಲ ಸುದ್ದಿ ಬಗ್ಗೆ ಬರೆಯುತ್ತೇನೆ. ಐದು ಸ್ಯಾಂಪಲ್ ಕೂಡಿಸುವುದು ಎಲ್ಲ ಕಾಲಕ್ಕೂ ಒಳ್ಳೆಯದಲ್ಲ. ಅದನ್ನು ಹೇಳದೆ ಸುದ್ದಿ ಹಾಕಿದರೆ "ನನ್ನ ಸ್ಯಾಂಪಲ್ ಯಾಕೆ ಬೇರೆ ಮಾಡಿದರು, ಅವರದ್ದು ಯಾಕೆ ಕೂಡಿಸಿದರು" ಎಂಬ ಜಗಳ ಶುರುವಾಗುತ್ತದೆ.

ಲೆಕ್ಕ ಹೀಗಿದೆ. ಊರಿನಲ್ಲಿ ನೂರಕ್ಕೆ 2 ಜನರಿಗೆ ಸೋಂಕು ಇದೆ ಅಂದುಕೊಳ್ಳಿ. ನೂರು ಸ್ಯಾಂಪಲ್‌ಗೆ 20 ಗುಂಪು. ಐದೂ ನೆಗೆಟಿವ್ ಇರುವ ಸಾಧ್ಯತೆ ಗುಂಪಿಗೆ ಸುಮಾರು 90%. ಹಾಗಾಗಿ ಎರಡು ಗುಂಪು ಪಾಸಿಟಿವ್ ಬರುತ್ತವೆ, ಅವುಗಳ 10 ಸ್ಯಾಂಪಲ್ ಬಿಡಿಬಿಡಿಯಾಗಿ ಮತ್ತೆ ಮಾಡಬೇಕು. ಒಟ್ಟು 30 ಪರೀಕ್ಷೆಗೆ 100 ಜನರ ಕೆಲಸ ಮುಗಿಯಿತು. ಈಗ ನೂರಕ್ಕೆ 20 ಜನರಿಗೆ ಸೋಂಕು ಅಂದುಕೊಳ್ಳಿ. ಮೂರರಲ್ಲಿ ಎರಡು ಗುಂಪು ಪಾಸಿಟಿವ್. ಒಟ್ಟು 87 ಪರೀಕ್ಷೆ ಬೇಕು, ಮೇಲೆ ಎರಡು ಸುತ್ತಿನ ಸಮಯ. ಉಳಿತಾಯ 13, ತಡ ಒಂದು ದಿನ. ಅದಕ್ಕೇ ಐಸಿಎಂಆರ್ 2020ರ ಏಪ್ರಿಲ್‌ನಲ್ಲೇ 2%ಗಿಂತ ಕಡಿಮೆ ಇರುವಲ್ಲಿ ಮಾಡಿ, 5% ದಾಟಿದಲ್ಲಿ ಮಾಡಬೇಡಿ ಎಂದಿತ್ತು.

ಇನ್ನೊಂದು ತೊಡಕು: ಐದು ಸ್ಯಾಂಪಲ್ ಕೂಡಿಸಿದರೆ ಪ್ರತಿಯೊಂದೂ ಐದು ಪಟ್ಟು ತೆಳುವಾಗುತ್ತದೆ. ಸಿಟಿ ಮೌಲ್ಯ (ಆರ್‌ಟಿ-ಪಿಸಿಆರ್ ಯಂತ್ರ ಎಷ್ಟು ಸುತ್ತು ಓಡಿದ ಮೇಲೆ ವೈರಸ್ ಕಂಡಿತು ಎಂಬ ಅಂಕಿ; ವೈರಸ್ ಕಡಿಮೆ ಇದ್ದಷ್ಟು ಸುತ್ತು ಹೆಚ್ಚು) ಸುಮಾರು 2.3ರಷ್ಟು ಮೇಲಕ್ಕೆ ಹೋಗುತ್ತದೆ. ಒಂಟಿಯಾಗಿ ಮಾಡಿದರೆ 34ಕ್ಕೆ ಸಿಗುವ ಸ್ಯಾಂಪಲ್ ಗುಂಪಿನಲ್ಲಿ 36 ದಾಟಿ ಗೆರೆಯಾಚೆ ಹೋಗಿಬಿಡಬಹುದು. ಗೆರೆ ಇರುವುದು 35ಕ್ಕೆ, ಅದನ್ನು ದಾಟಿದರೆ ನೆಗೆಟಿವ್ ಎಂದೇ ಲೆಕ್ಕ.

ಕಣಬರಗಿ · 10:22

ಸಿಟಿ ಕಡಿಮಿ ಬಂದ್ರ ರೋಗ ಜೋರ ಅಂತ ಅರ್ಥ ಹೌದಲ್ಲ? ರಿಪೋರ್ಟ್‌ನಾಗ 18 ಬಂದ್ರ ಮಂದಿ ಅಂಜಿ ದವಾಖಾನಿಗೆ ಓಡತಾರ.

ಪಿಪೆಟ್ · 10:34

ಅಲ್ಲ. ಆ ಟ್ಯೂಬಿನಲ್ಲಿ ಎಷ್ಟು ವೈರಸ್ ಆರ್‌ಎನ್‌ಎ ಇತ್ತು ಎಂಬುದಷ್ಟೇ ಸಿಟಿ. ಸುಮಾರು 3.3 ಸುತ್ತಿಗೆ ಹತ್ತು ಪಟ್ಟು ವ್ಯತ್ಯಾಸ. ಅದು ಸ್ವಾಬ್ ಎಷ್ಟು ಆಳ ಹೋಯಿತು, ಲಕ್ಷಣ ಶುರುವಾಗಿ ಎಷ್ಟನೇ ದಿನ, ಐಸ್ ಕರಗಿತ್ತೇ, ಯಾವ ಕಿಟ್, ಎಲ್ಲದರ ಮೇಲೂ ನಿಂತಿದೆ. ಹತ್ತನೇ ದಿನ ಶ್ವಾಸಕೋಶ ಬಿಗಿದವರ ಮೂಗಿನಲ್ಲಿ ಸಿಟಿ 32 ಬರಬಹುದು. ಏನೂ ಆಗದ ಹುಡುಗನಿಗೆ ಎರಡನೇ ದಿನ 17 ಬರಬಹುದು. ಯಾರಿಗೆ ದವಾಖಾನೆ ಬೇಕು ಎಂದು ಹೇಳುವುದು ಆಕ್ಸಿಮೀಟರ್. ಕೂತಾಗ 94ಕ್ಕಿಂತ ಕೆಳಗೆ ಬಂದರೆ, ಅಥವಾ ಆರು ನಿಮಿಷ ನಡೆದಾಗ 3-4 ಅಂಕ ಇಳಿದರೆ ತಡ ಮಾಡಬಾರದು. ಬೆರಳಿಗೆ ಮೆಹಂದಿ, ಉಗುರುಬಣ್ಣ ಇದ್ದರೆ, ಕೈ ತಣ್ಣಗಿದ್ದರೆ ಅಂಕಿ ತಪ್ಪುತ್ತದೆ. ಮಳೆಗಾಲದಲ್ಲಿ ಮೊದಲು ಕೈ ತಿಕ್ಕಿ ಬೆಚ್ಚಗೆ ಮಾಡಿ, ಅಂಕಿ ಒಂದು ನಿಮಿಷ ನಿಲ್ಲುವವರೆಗೆ ಕಾಯಬೇಕು.

ಸಿಟಿಯಿಂದ ಪ್ರಯೋಗಾಲಯಕ್ಕೆ ಒಂದು ಉಪಯೋಗವಿದೆ. ರೂಪಾಂತರಿ ಯಾವುದು ಎಂದು ನೋಡಲು ಜೀನೋಮ್ ಓದಿಸುವಾಗ ಸಾಮಾನ್ಯವಾಗಿ 25ರ ಒಳಗಿನ ಸ್ಯಾಂಪಲ್ಲನ್ನೇ ಆರಿಸುತ್ತಾರೆ. ಅದಕ್ಕಿಂತ ತೆಳುವಾದದ್ದರಲ್ಲಿ ಓದು ಪೂರ್ತಿ ಸಿಗುವುದಿಲ್ಲ.

ಅಥಣಿ ಹಾದಿ · 10:50

ಸ್ಯಾಂಪಲ್ ತಿರಸ್ಕಾರ ಆಗೋದರ ಬಗ್ಗೆನೂ ಒಂದು ಪೆಟ್ಟಿಗೆ ಸುದ್ದಿ ಹಾಕ್ರಿ. ನೆಹರೂನಗರದ ಐಸಿಎಂಆರ್ ಪಾರಂಪರಿಕ ವೈದ್ಯ ಸಂಸ್ಥೆಯೊಳಗ ಕೋವಿಡ್ ಪರೀಕ್ಷಾ ಶುರು ಆದಮ್ಯಾಲ, ಮುಂದ ಬಿಮ್ಸ್‌ನ್ಯಾಗೂ (ಬೆಳಗಾವಿಯ ಸರ್ಕಾರಿ ಮೆಡಿಕಲ್ ಕಾಲೇಜು) ಆದಮ್ಯಾಲ ಜಿಲ್ಲಾ ಸ್ಯಾಂಪಲ್ ಜಿಲ್ಲಾದಾಗ ಉಳೀತಾವ. ಆದ್ರ ಅಥಣಿ, ರಾಯಬಾಗದಿಂದ ಬೆಳಗಾವಿಗೆ ಬರೋದರೊಳಗ ಕೆಡೋದು ಇದ್ದ ಐತಿ.

ಕೆಡೋದು ಎಲ್ಲಿ ಅಂದ್ರ: ವಿಟಿಎಂ ಟ್ಯೂಬಿನ (ಸ್ವಾಬ್ ಕೆಡದಂಗ ಇಡೋ ದ್ರಾವಣದ ಟ್ಯೂಬು) ಮುಚ್ಚಳ ಓರೆ ಕೂತು ಸೋರೋದು. ಸ್ವಾಬ್ ಕಡ್ಡಿನ ಗುರುತಿನ ಹತ್ರ ಮುರೀದ ಉದ್ದ ಬಿಟ್ಟು ಮುಚ್ಚಳ ಒತ್ತೋದು, ಅದಕ್ಕ ಮುಚ್ಚಳ ಕೂಡಂಗಿಲ್ಲ. ಟ್ಯೂಬಿನ ಮ್ಯಾಲಿನ ಎಸ್‌ಆರ್‌ಎಫ್ (ಸ್ಯಾಂಪಲ್ ಜೋಡಿ ಹೋಗೋ ಅರ್ಜಿ) ಸಂಖ್ಯೆ ಒಂದು, ಪೋರ್ಟಲ್‌ನಾಗ ಇನ್ನೊಂದು. ಪೆನ್ನಿನ ಶಾಯಿ ಐಸ್ ನೀರಿಗೆ ಅಳಿಸಿ ಹೋಗೋದು, ಅದಕ್ಕ ಪರ್ಮನೆಂಟ್ ಮಾರ್ಕರ್ ಬೇಕು, ಮ್ಯಾಲೆ ಪಾರದರ್ಶಕ ಟೇಪ್. ಗುಲಾಬಿ ದ್ರಾವಣ ಹಳದಿ ಆಗಿದ್ರ ಆ ಟ್ಯೂಬ್ ಉಪಯೋಗಿಸಬಾರದು. ಹತ್ತಿ ಸುತ್ತಿದ ಕಟ್ಟಿಗಿ ಕಡ್ಡಿ ನಡಿಯಂಗಿಲ್ಲ, ಕಟ್ಟಿಗಿಯೊಳಗಿನ ಅಂಶ ಪಿಸಿಆರ್ ಕ್ರಿಯೆನ ತಡೀತೈತಿ. ಪ್ಲಾಸ್ಟಿಕ್ ಕಡ್ಡಿ, ನೈಲಾನ್ ಇಲ್ಲಾ ಪಾಲಿಯೆಸ್ಟರ್ ತುದಿ ಇರಬೇಕು.

ಪೆಟ್ಟಿಗಿ ಒಳಗ ಮೂರು ಪದರ: ಟ್ಯೂಬ್, ಅದರ ಸುತ್ತ ಹೀರೋ ಹತ್ತಿ ಜೋಡಿ ಜಿಪ್ ಚೀಲ, ಹೊರಗ ಗಟ್ಟಿ ಡಬ್ಬಿ. ಐಸ್‌ಪ್ಯಾಕ್ ಇಟ್ಟು 2ರಿಂದ 8 ಡಿಗ್ರಿ.

ಪಿಪೆಟ್ · 11:02

ಸರಿಯಾಗಿ ಹೇಳಿದಿರಿ. ಒಂದು ಸೇರಿಸಿ: ರಿಪೋರ್ಟ್ "ಅನಿರ್ಣಿತ" ಎಂದು ಬಂದರೆ ಅನೇಕ ಸಲ ಕಾರಣ ಸ್ವಾಬಿನಲ್ಲಿ ಮನುಷ್ಯನ ಜೀವಕೋಶವೇ ಸಾಕಷ್ಟು ಬಾರದಿರುವುದು. ನಾವು ಪ್ರತಿ ಸ್ಯಾಂಪಲ್‌ನಲ್ಲೂ ಮನುಷ್ಯನ ಒಂದು ಜೀನ್ ಹುಡುಕುತ್ತೇವೆ, ಆರ್‌ನೇಸ್-ಪಿ. ಅದೂ ಕಾಣದಿದ್ದರೆ ಸ್ವಾಬ್ ಗಂಟಲ ಗೋಡೆಗೆ ತಾಗಿಲ್ಲ ಎಂದೇ ತಿಳಿಯುತ್ತೇವೆ. ಅಂಥವರ ಸ್ವಾಬ್ ಮತ್ತೆ ತೆಗೆಯಬೇಕು. ಅದನ್ನು "ನೆಗೆಟಿವ್" ಎಂದು ಕೊಟ್ಟರೆ ತಪ್ಪು.

ರ‍್ಯಾಪಿಡ್ ಟೆಸ್ಟ್ ಬಗ್ಗೆ ಎರಡು ಸಾಲು ಸಾಕು: ಗೆರೆ ಮೂಡಿದರೆ ಸೋಂಕು ಇದೆ, ನಂಬಿ. ಗೆರೆ ಮೂಡದೆ ಜ್ವರ-ಕೆಮ್ಮು ಇದ್ದರೆ ಆರ್‌ಟಿ-ಪಿಸಿಆರ್ ಮಾಡಿಸಲೇಬೇಕು.

ನಿಪ್ಪಾಣಿ ನಾಕಾ · 11:10

ಮಹಾರಾಷ್ಟ್ರ ಗಡಿಯ ಕೊಗನೊಳ್ಳಿ ಚೆಕ್‌ಪೋಸ್ಟ್‌ನಾಗ 72 ತಾಸಿನೊಳಗಿನ ಆರ್‌ಟಿ-ಪಿಸಿಆರ್ ರಿಪೋರ್ಟ್ ಕೇಳತಾರಲ್ಲ, ಅದು ಸ್ವಾಬ್ ತಗೊಂಡ ಹೊತ್ತಿನಿಂದನೊ, ರಿಪೋರ್ಟ್ ಬಂದ ಹೊತ್ತಿನಿಂದನೊ?

ಅಥಣಿ ಹಾದಿ · 11:13

ಸ್ವಾಬ್ ತಗೊಂಡ ಹೊತ್ತು ಹಿಡೀರಿ. ರಿಪೋರ್ಟಿನಾಗ ಎರಡೂ ಬರದಿರತೈತಿ. ಇದಕ್ಕ ಬ್ಯಾರೆ ಎಳಿ ಮಾಡ್ರಿ, ಇಲ್ಲಿ ಸುದ್ದಿ ಬಗ್ಗೆ ನಡದೈತಿ.

ಕಿತ್ತೂರು ಕನ್ನಡ · 11:40

ಭಾಷೆಯ ವಿಷಯ. "ಪಾಸಿಟಿವ್" ಬದಲು ದಯವಿಟ್ಟು "ಧನಾತ್ಮಕ" ಎಂದು ಬರೆಯಬೇಡಿ. ಜನ "ಧನಾತ್ಮಕ ಚಿಂತನೆ" ಕೇಳಿದ್ದಾರೆ, ಒಳ್ಳೆಯದು ಅಂದುಕೊಳ್ಳುತ್ತಾರೆ. "ಸೋಂಕು ಕಂಡಿದೆ", "ಸೋಂಕು ಕಂಡಿಲ್ಲ" ಎಂದು ಬರೆಯಿರಿ. "ಇಲ್ಲ" ಬೇರೆ, "ಕಂಡಿಲ್ಲ" ಬೇರೆ. ಮೇಲೆ ಪಿಪೆಟ್ ಅವರು ವಿವರಿಸಿದ್ದು ಪೂರ್ತಿ ಆ ಒಂದು ಪದದಲ್ಲಿ ಕೂತಿದೆ.

ಮಲಪ್ರಭಾ ದಂಡಿ · 11:52

ಒಪ್ಪಿದೆ. ಆಂಟಿಬಾಡಿ ಟೆಸ್ಟಿಗಂತೂ "ಪಾಸಿಟಿವ್" ಬಳಸಲೇ ಬಾರದು. ಅಲ್ಲಿ ಅರ್ಥ ಪೂರ್ತಿ ಉಲ್ಟಾ. "ಪ್ರತಿಕಾಯ ಕಂಡಿವೆ" ಅಂತ ಬರೀರಿ. ಅದರಾಗೂ ಎರಡು ನಮೂನಿ. ವೈರಸ್ಸಿನ ಹೊರಗಿನ ಮುಳ್ಳಿನ ಪ್ರೋಟೀನಿನ ಪ್ರತಿಕಾಯ ಲಸಿಕೆಯಿಂದನೂ ಬರತಾವ, ಸೋಂಕಿನಿಂದನೂ ಬರತಾವ. ನ್ಯೂಕ್ಲಿಯೊಕ್ಯಾಪ್ಸಿಡ್ (ವೈರಸ್ಸಿನ ಒಳಗಿನ ಪ್ರೋಟೀನು) ಪ್ರತಿಕಾಯ ಕೋವಿಶೀಲ್ಡ್ ಹಾಕಿಸಿಕೊಂಡವರಿಗೆ ಲಸಿಕೆಯಿಂದ ಬರಂಗಿಲ್ಲ, ಬಂದಿದ್ರ ಸೋಂಕು ಆಗಿ ಹೋಗೈತಿ ಅಂತ ಅರ್ಥ. ಕೋವ್ಯಾಕ್ಸಿನ್ ಇಡೀ ವೈರಸ್ ಸಾಯಿಸಿ ಮಾಡಿದ ಲಸಿಕೆ, ಅದರಿಂದ ಎರಡೂ ಬರಬಹುದು. ಹಂಗಾಗಿ ಯಾವ ಲಸಿಕೆ, ಯಾವ ಕಿಟ್ ಅಂತ ಕೇಳದ ಅರ್ಥ ಹೇಳಾಕ ಬರಂಗಿಲ್ಲ.

ಎರಡನೇ ಗೇಟ್ · 12:05

ಗೂಗಲ್ ಫಾರ್ಮ್ ಸಮೀಕ್ಷೆಯಲ್ಲಾದರೂ ತಪ್ಪೇನಿಲ್ಲವಲ್ಲ? ಲಾಕ್‌ಡೌನ್‌ನಲ್ಲಿ ಮನೆಮನೆಗೆ ಹೋಗಲು ಆಗುತ್ತಿರಲಿಲ್ಲ. ವಿದ್ಯಾರ್ಥಿಗಳು ಕೈಲಾದದ್ದು ಮಾಡಿದ್ದಾರೆ. ಅಷ್ಟು ಕಟುವಾಗಿ ನೋಡಬೇಕೆ?

ಮಲಪ್ರಭಾ ದಂಡಿ · 12:28

ವಿದ್ಯಾರ್ಥಿಗಳ ಶ್ರಮಕ್ಕ ಗೌರವ ಐತಿ. ತಕರಾರು ಇರೋದು "ಜಿಲ್ಲೆಯ ಜನರಲ್ಲಿ" ಅನ್ನೋ ಎರಡು ಶಬ್ದಕ್ಕ. ಫಾರ್ಮ್ ಹೋಗಿದ್ದು ವಾಟ್ಸಾಪ್ ಗುಂಪಿಗೆ. ಕಣಕುಂಬಿ, ಜಾಂಬೋಟಿ ಕಡೆ ಮರಾ ಹತ್ತಿದ್ರೂ ನೆಟ್‌ವರ್ಕ್ ಸಿಗದ ಹಳ್ಳಿ ಅದಾವ. ಸ್ಮಾರ್ಟ್‌ಫೋನ್ ಇಲ್ಲದ ಮುದುಕರು, ಕಬ್ಬು ಕಡಿಯಾಕ ಬಂದ ಗುಂಪು, ಗೌಳಿಗರು, ಯಾರೂ ಅದರಾಗ ಇಲ್ಲ. ಲಸಿಕಿ ಬಗ್ಗೆ ಅರಿವು ಕಡಿಮಿ ಇರಬಹುದಾದವರೇ ಲೆಕ್ಕದ ಹೊರಗ ಉಳದರು. "ಫೋನಿನ ಮೂಲಕ ಉತ್ತರಿಸಿದವರಲ್ಲಿ" ಅಂತ ಬರದ್ರ ಮುಗೀತು, ಸುದ್ದಿ ಖರೆ ಆಗತೈತಿ.

ಜಿಲ್ಲಾಕ್ಕ ಅನ್ವಯ ಆಗೋಹಂಗ ಮಾಡಬೇಕಂದ್ರ ಮೊದಲು ಹಳ್ಳಿಗಳ ಪಟ್ಟಿ ಹಿಡಕೊಂಡು, ಜನಸಂಖ್ಯೆಯ ತೂಕದ ಮ್ಯಾಲೆ ಕೆಲವು ಹಳ್ಳಿ ಆರಿಸಿ, ಹಳ್ಳಿಯೊಳಗ ಮನಿ ಆರಿಸಿ, ಮನಿಯೊಳಗ ಒಬ್ಬರನ್ನ ಆರಿಸಬೇಕು. ಅರ್ಧದಷ್ಟು ಮಂದಿಗೆ ಅರಿವು ಇರಬಹುದು ಅಂತ ಊಹಿಸಿ, 5% ಆಚೀಚೆ ತಪ್ಪಿಗೆ ಒಪ್ಪಿದ್ರ ಸುಮಾರು 400 ಮಂದಿ ಬೇಕು. ಒಂದ ಹಳ್ಳಿಯವರ ಉತ್ತರ ಒಂದಕ್ಕೊಂದು ಹೋಲತಾವ, ಅದಕ್ಕ ಆ ಸಂಖ್ಯೆನ ಎರಡು ಪಟ್ಟು ಮಾಡಿ 800 ಹಿಡೀತಾರ.

ಐಸಿಎಂಆರ್‌ನ ಮೊದಲ ರಾಷ್ಟ್ರೀಯ ಸೀರೊ ಸಮೀಕ್ಷೆ (ರಕ್ತದಾಗ ಪ್ರತಿಕಾಯ ನೋಡೋ ಸಮೀಕ್ಷೆ) ಹಿಂಗ ಆತು. 2020ರ ಮೇ-ಜೂನ್, 70 ಜಿಲ್ಲೆ, ಜಿಲ್ಲಾಕ್ಕ 10 ಗುಂಪು, ಗುಂಪಿಗೆ 40 ವಯಸ್ಕರು, ಒಟ್ಟು 28,000. ಸೋಂಕು ತಗುಲಿದವರು 0.73% ಅಂತ ಅಂದಾಜು. ಕರ್ನಾಟಕದಿಂದ ಬೆಂಗಳೂರು ನಗರ, ಚಿತ್ರದುರ್ಗ, ಕಲಬುರಗಿ ಮೂರ ಜಿಲ್ಲೆ ಇದ್ವು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಅದರಾಗ ಇರಲಿಲ್ಲ. ಆ ಅಂಕಿ ತಂದು "ನಮ್ಮ ಜಿಲ್ಲೆಯಲ್ಲಿ" ಅಂತ ಹಾಕೋದೂ ತಪ್ಪು.

ಗೋಡೆಪತ್ರಿಕೆ ಖಾನಾಪುರ · 12:35

ಭಾಳ ಉಪಕಾರ ಆತ್ರಿ. ಇನ್ನ ನಾಲ್ಕನೇದು, ಪ್ರಯೋಗಕ್ಕ ಸ್ವಯಂಸೇವಕರು. ಇದನ್ನ ಹಚ್ಚಬೇಕೊ ಬ್ಯಾಡೊ?

ಕಣಬರಗಿ · 12:39

ಬ್ಯಾಡ. ಹಳ್ಳಿ ಮಂದಿ ಮ್ಯಾಲೆ ಪ್ರಯೋಗ ಮಾಡತಾರ ಅಂತ ಗಲಾಟಿ ಆಗತೈತಿ.

ಸಾಕ್ಷಿ ಸಹಿ · 13:20

ಹಚ್ಚಿ. ಆದರೆ ಸರಿಯಾಗಿ. ಬೆಳಗಾವಿಗೆ ಔಷಧ ಪ್ರಯೋಗ ಹೊಸದಲ್ಲ. ಕೋವ್ಯಾಕ್ಸಿನ್‌ನ ಮೊದಲ ಹಂತದ ಪ್ರಯೋಗಕ್ಕೆ ದೇಶದಲ್ಲಿ 375 ಜನ ಸೇರಿದ್ದರು, ಬೆಳಗಾವಿಯ ಜೀವನರೇಖಾ ಆಸ್ಪತ್ರೆ ಕೇಂದ್ರಗಳಲ್ಲಿ ಒಂದಾಗಿತ್ತು. ಅದಕ್ಕೂ ಮೊದಲು ಚೊಚ್ಚಲ ಗರ್ಭಿಣಿಯರಿಗೆ ದಿನಕ್ಕೆ 81 ಮಿಲಿಗ್ರಾಂ ಆಸ್ಪಿರಿನ್ ಕೊಟ್ಟು ನೋಡಿದ ದೊಡ್ಡ ಅಧ್ಯಯನದಲ್ಲಿ ಬೆಳಗಾವಿ, ನಾಗಪುರ ಎರಡೂ ಇದ್ದವು. ಆರು ದೇಶ, 11,976 ಹೆಣ್ಣುಮಕ್ಕಳು. ಅವಧಿಗೆ ಮುಂಚಿನ ಹೆರಿಗೆ ಆಸ್ಪಿರಿನ್ ಗುಂಪಿನಲ್ಲಿ 11.6%, ಇನ್ನೊಂದರಲ್ಲಿ 13.1%. 2020ರ ಜನವರಿಯಲ್ಲಿ ಲ್ಯಾನ್ಸೆಟ್‌ನಲ್ಲಿ ಪ್ರಕಟವಾಯಿತು. ನಮ್ಮ ಹಳ್ಳಿಯ ಹೆಣ್ಣುಮಕ್ಕಳು ಒಪ್ಪಿ ಸೇರದಿದ್ದರೆ ಆ ತಿಳಿವಳಿಕೆ ಜಗತ್ತಿಗೆ ಬರುತ್ತಿರಲಿಲ್ಲ.

ಕರೆಯ ಜೊತೆಗೆ ಇವಿಷ್ಟು ಇರಲೇಬೇಕು. ಸಿಟಿಆರ್‌ಐ (ದೇಶದ ಕ್ಲಿನಿಕಲ್ ಪ್ರಯೋಗಗಳ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ. 2018ರ ಏಪ್ರಿಲ್ 1ರಿಂದ ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮುಂಚೆಯೇ ನೋಂದಾಯಿಸಬೇಕು. ಆ ಸಂಖ್ಯೆ ಇಲ್ಲದಿದ್ದರೆ ಹಚ್ಚಬೇಡಿ, ಅಷ್ಟೇ. ನೈತಿಕ ಸಮಿತಿಯ ಅನುಮೋದನೆ, ಸದಸ್ಯ ಕಾರ್ಯದರ್ಶಿಯ ಕಚೇರಿ ಫೋನ್. ಯಾವ ಹಂತದ ಪ್ರಯೋಗ. ಯಾರು ಸೇರುವಂತಿಲ್ಲ. ಎಷ್ಟು ಸಲ ಬರಬೇಕು, ಎಷ್ಟು ರಕ್ತ ತೆಗೆಯುತ್ತಾರೆ. ಮಿಲಿಲೀಟರ್ ಬದಲು ಚಮಚದ ಲೆಕ್ಕದಲ್ಲಿ ಬರೆಯಿರಿ, 5 ಮಿ.ಲೀ. ಅಂದರೆ ಒಂದು ಚಹಾ ಚಮಚ. ಬಿಟ್ಟು ಹೋಗಬೇಕೆನಿಸಿದರೆ ಯಾವಾಗ ಬೇಕಾದರೂ ಬಿಡಬಹುದು, ಬಿಟ್ಟರೆ ಮಾಮೂಲಿ ಚಿಕಿತ್ಸೆ ನಿಲ್ಲುವುದಿಲ್ಲ ಎಂಬ ಮಾತು. ಪ್ರಯೋಗದಿಂದ ತೊಂದರೆಯಾದರೆ ಉಚಿತ ಚಿಕಿತ್ಸೆ, ಪರಿಹಾರ. ಇದು 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪ್ರಯೋಗ ನಿಯಮಗಳಲ್ಲೇ ಇದೆ.

ಎರಡನೇ ಗೇಟ್ · 13:31

ಹಣ ಕೊಡುತ್ತಾರೆ ಎಂದು ಹಾಕಬಹುದೆ? ಜನ ಬರುತ್ತಾರೆ.

ಸಾಕ್ಷಿ ಸಹಿ · 13:44

ಬೇಡ. ಬಸ್ಸಿನ ಖರ್ಚು, ಕೂಲಿ ನಷ್ಟ ಕೊಡಬಹುದು, ಎಷ್ಟೆಂಬುದನ್ನು ನೈತಿಕ ಸಮಿತಿ ಮೊದಲೇ ಒಪ್ಪಿರಬೇಕು. ದುಡ್ಡನ್ನೇ ಮುಂದಿಟ್ಟು ಕರೆದರೆ ಅದು ಆಮಿಷ. ಲಾಕ್‌ಡೌನ್‌ನಲ್ಲಿ ಕೆಲಸ ಹೋದವನಿಗೆ "ಬೇಡ" ಅನ್ನುವ ಸ್ವಾತಂತ್ರ್ಯ ಉಳಿಯುವುದಿಲ್ಲ.

ಓದಲು ಬಾರದವರ ವಿಷಯ: ಹೆಬ್ಬೆಟ್ಟು ಸಾಲದು. ಅಧ್ಯಯನಕ್ಕೆ ಸಂಬಂಧವಿಲ್ಲದ ಒಬ್ಬ ಸಾಕ್ಷಿ ಎದುರಿಗೆ ಪೂರ್ತಿ ಓದಿ ಹೇಳಬೇಕು, ಸಾಕ್ಷಿ ಸಹಿ ಹಾಕಬೇಕು, ಒಂದು ಪ್ರತಿ ಆ ವ್ಯಕ್ತಿಯ ಕೈಗೆ ಕೊಡಬೇಕು. ಆ ವಾರ್ಡಿನ ನರ್ಸು ಸಾಕ್ಷಿ ಆಗಬಾರದು. ಕೋವಿಡ್ ವಾರ್ಡಿನೊಳಗೆ ಕಾಗದ ಹೊರಗೆ ತರುವುದೇ ಕಷ್ಟವಿತ್ತು. ಅದಕ್ಕೆ ಪಾರದರ್ಶಕ ಚೀಲದಲ್ಲಿ ಹಾಕಿ ಫೋಟೊ ತೆಗೆಯುವುದು, ವಿಡಿಯೊ ಮೂಲಕ ಒಪ್ಪಿಗೆ ದಾಖಲಿಸುವುದು ಬಳಕೆಗೆ ಬಂತು. ಆದರೂ ಎದುರಿಗೆ ಪಿಪಿಇ ಹಾಕಿಕೊಂಡವರ ಮುಖ ಕಾಣದೆ, ಆಮ್ಲಜನಕದ ಸದ್ದಿನಲ್ಲಿ ಹೇಳಿದ್ದು ಎಷ್ಟು ತಲುಪಿತು ಎಂದು ತಿರುಗಿ ಕೇಳಲೇಬೇಕು. "ನಿಮಗೆ ಏನು ತಿಳಿಯಿತು, ನಿಮ್ಮ ಮಾತಿನಲ್ಲಿ ಹೇಳಿ" ಎಂಬ ಪ್ರಶ್ನೆಗೆ ಉತ್ತರ ಬಂದರೆ ಮಾತ್ರ ಅದು ಒಪ್ಪಿಗೆ.

ಕಿತ್ತೂರು ಕನ್ನಡ · 14:02

ಒಪ್ಪಿಗೆ ಪತ್ರಗಳ ಕನ್ನಡವೇ ದೊಡ್ಡ ತಡೆಗೋಡೆ. "ಯಾದೃಚ್ಛಿಕವಾಗಿ ನಿಯೋಜಿಸಲಾಗುವುದು" ಎಂದರೆ ಬೈಲಹೊಂಗಲದ ರೈತನಿಗೆ ಏನು ತಿಳಿಯಬೇಕು? "ಚೀಟಿ ಎತ್ತಿದ ಹಾಗೆ ಯಾವ ಗುಂಪು ಎಂದು ಗೊತ್ತಾಗುತ್ತದೆ, ಡಾಕ್ಟರೂ ಆರಿಸುವುದಿಲ್ಲ, ನೀವೂ ಆರಿಸುವುದಿಲ್ಲ" ಎಂದರೆ ಮುಗಿಯಿತು. ಪ್ಲಸೀಬೊಗೆ "ಹುಸಿಮದ್ದು" ಎನ್ನಬಹುದು.

ಸಾಕ್ಷಿ ಸಹಿ · 14:09

"ಹುಸಿಮದ್ದು" ಬೇಡ. ಹುಸಿ ಎಂದರೆ ಮೋಸ. ಮೋಸ ಮಾಡುತ್ತಾರೆ ಎಂದೇ ಓದುತ್ತಾರೆ. "ಔಷಧಿ ಅಂಶ ಇಲ್ಲದ, ನೋಡಲು ಅದೇ ರೀತಿ ಇರುವ ಗುಳಿಗೆ" ಎಂದು ಬರೆಯಿರಿ. ಉದ್ದವಾದರೂ ಪರವಾಗಿಲ್ಲ. ಮರಾಠಿಯಲ್ಲಿ "ಔಷಧ ನಸಲೇಲಿ ಗೋಳಿ".

ಕಿತ್ತೂರು ಕನ್ನಡ · 14:15

ಒಪ್ಪಿದೆ, ನಿಮ್ಮದೇ ಸರಿ.

ಕರದಂಟು ಅಂಗಡಿ · 14:40

ಔಷಧಿ ಅಂಗಡಿ ಕಡೆಯಿಂದ ಒಂದು ಮಾತು. ಸಂಶೋಧನಾ ಸುದ್ದಿ ಅರ್ಧ ಓದಿದ್ದರಿಂದ ಆದ ದೊಡ್ಡ ಅನಾಹುತ ಡೆಕ್ಸಾಮೆಥಾಸೋನ್. "ಸ್ಟೀರಾಯ್ಡ್ ಜೀವಾ ಉಳಸತೈತಿ" ಅಂತ ಸುದ್ದಿ ಬಂತು, ಜ್ವರ ಬಂದ ಮೊದಲ ದಿನಾನ ಗುಳಿಗಿ ನುಂಗೋದು ಶುರು ಆತು.

ಬ್ರಿಟನ್ನಿನ ರಿಕವರಿ ಅಧ್ಯಯನದಾಗ ದಿನಕ್ಕ 6 ಮಿಲಿಗ್ರಾಂ, ಹೆಚ್ಚಂದ್ರ 10 ದಿನ ಕೊಟ್ಟರು. 28 ದಿನದೊಳಗ ತೀರಿಕೊಂಡವರು: ವೆಂಟಿಲೇಟರ್ ಮ್ಯಾಲೆ ಇದ್ದವರೊಳಗ ಸ್ಟೀರಾಯ್ಡ್ ಕೊಟ್ಟಲ್ಲಿ 29.3%, ಕೊಡದಲ್ಲಿ 41.4%. ಆಕ್ಸಿಜನ್ ಮ್ಯಾಲೆ ಇದ್ದವರು 23.3% ಮತ್ತ 26.2%. ಆಕ್ಸಿಜನ್ ಬ್ಯಾಡಾಗಿದ್ದವರೊಳಗ ನೋಡ್ರಿ: ಕೊಟ್ಟಲ್ಲಿ 17.8%, ಕೊಡದಲ್ಲಿ 14.0%. ಈ ಮೂರನೇ ಸಾಲಿನಾಗ ಲಾಭ ಇಲ್ಲ, ಅಂಕಿ ಅಪಾಯದ ಕಡೆ ವಾಲೈತಿ. ಈ ಸಾಲನ್ನ ಯಾರೂ ಊರಿಗೆ ಹೇಳಲಿಲ್ಲ.

ಈಗ ಕಪ್ಪು ಶಿಲೀಂಧ್ರ. ಸಕ್ಕರಿ ರೋಗ ಹತೋಟಿಯೊಳಗಿಲ್ಲ, ಮ್ಯಾಲೆ ಸ್ಟೀರಾಯ್ಡ್, ಅದರಿಂದ ಸಕ್ಕರಿ ಇನ್ನಷ್ಟು ಏರತೈತಿ, ಬಿಳಿ ರಕ್ತಕಣ ಕೆಲಸ ಮರೀತಾವ. ಒಂದ ಕಡೆ ಮುಖ ಬಾವು, ಮೂಗಿನಿಂದ ಕಪ್ಪು ಇಲ್ಲಾ ರಕ್ತ ಕಲಸಿದ ಸೋರಿಕೆ, ಮ್ಯಾಲಿನ ಹಲ್ಲು ಅಲುಗಾಡೋದು, ಒಂದ ವಸ್ತು ಎರಡಾಗಿ ಕಾಣೋದು. ಇವು ಬಂದ್ರ ಅದ ದಿನ ಕಿವಿ-ಮೂಗು-ಗಂಟಲು ಡಾಕ್ಟರ ಹತ್ರ ಹೋಗಬೇಕು. ಇದರ ಔಷಧಿ ಲೈಪೊಸೋಮಲ್ ಆಂಫೊಟೆರಿಸಿನ್, ಮೈತೂಕದ ಕಿಲೊಕ್ಕ 5 ಮಿಲಿಗ್ರಾಂ. 60 ಕಿಲೊ ಮನಷ್ಯಾಗ ದಿನಕ್ಕ 300, ಅಂದ್ರ 50ರ ವೈಲು ಆರು ಬೇಕು, ಅದೂ ವಾರಗಟ್ಟಲೆ. ಅದನ್ನ 5% ಡೆಕ್ಸ್‌ಟ್ರೋಸ್‌ದಾಗ ಕಲಸಬೇಕು, ಸಲೈನಿನಾಗ ಕಲಸಿದ್ರ ಒಡದು ಕೂಡತೈತಿ. ಸಕ್ಕರಿ ರೋಗಿಗೆ ಡೆಕ್ಸ್‌ಟ್ರೋಸ್ ಯಾಕ ಅಂತ ಮನಿಯವರು ಜಗಳಾ ತಗೀತಾರ, ಕಾರಣ ಇದು.

ಕಣಬರಗಿ · 14:52

ಕಪ್ಪು ಶಿಲೀಂಧ್ರ ಹಳಿ ಮಾಸ್ಕಿನಿಂದ ಬರತೈತಿ ಅಂತಾರಲ್ಲ?

ಪಿಪೆಟ್ · 14:58

ಆ ಬೀಜಕಣಗಳು ಮಣ್ಣು, ಗೊಬ್ಬರ, ಕೊಳೆತ ಎಲೆ, ಗಾಳಿ ಎಲ್ಲೆಡೆ ಇವೆ. ಎಲ್ಲರೂ ದಿನಾ ಉಸಿರಾಡುತ್ತೇವೆ. ಬೆಳೆಯಲು ಬೇಕಾದದ್ದು ಏರಿದ ಸಕ್ಕರೆ ಮತ್ತು ತಗ್ಗಿದ ರೋಗನಿರೋಧಕ ಶಕ್ತಿ. ಮಾಸ್ಕ್ ತೊಳೆದು ಹಾಕಿಕೊಳ್ಳಿ, ಆದರೆ ಗ್ಲುಕೋಮೀಟರ್ ನೋಡುವುದನ್ನು ಬಿಡಬೇಡಿ.

ಫ್ಲೋಮೀಟರ್ · 15:30

ಐದನೇ ಸುದ್ದಿಗೆ ಬರೋಣ. "ಆಕ್ಸಿಜನ್ ಘಟಕ ಉದ್ಘಾಟನೆ" ಎಂಬುದರಲ್ಲಿ ಜನರಿಗೆ ಬೇಕಾದ ಒಂದೇ ಅಂಕಿ: ನಿಮಿಷಕ್ಕೆ ಎಷ್ಟು ಲೀಟರ್. 500 ಲೀಟರ್ ಘಟಕ ಅಂದುಕೊಳ್ಳಿ. ಮಾಸ್ಕ್ ಮೇಲೆ 10 ಲೀಟರ್ ಬೇಕಾದವರು 50 ಜನ. ಹೈಫ್ಲೋ ಯಂತ್ರದಲ್ಲಿ 60 ಲೀಟರ್ ಶುದ್ಧ ಆಮ್ಲಜನಕ ಬೇಕಾದವರು ಬರೀ 8 ಜನ. "50 ಹಾಸಿಗೆಗೆ ಆಕ್ಸಿಜನ್" ಎಂಬ ಸುದ್ದಿ ಎರಡನೇ ಅಲೆಯಲ್ಲಿ ಯಾಕೆ ಸಾಲಲಿಲ್ಲ ಎಂಬುದು ಇಲ್ಲಿದೆ.

ಘಟಕ ಗಾಳಿಯನ್ನು ಒತ್ತಿ ಜಿಯೊಲೈಟ್ ಹರಳಿನ ಮೂಲಕ ಹಾಯಿಸುತ್ತದೆ, ಸಾರಜನಕ ಹರಳಿಗೆ ಅಂಟುತ್ತದೆ, ಆಮ್ಲಜನಕ ಮುಂದೆ ಹೋಗುತ್ತದೆ. ಎರಡು ತೊಟ್ಟಿ ಸರದಿಯಲ್ಲಿ ಕೆಲಸ ಮಾಡುತ್ತವೆ. ಬರುವ ಶುದ್ಧತೆ 93%, ಮೂರು ಆಚೀಚೆ. ಕೆಡಿಸುವುದು ತೇವ ಮತ್ತು ಎಣ್ಣೆ. ಖಾನಾಪುರದ ಮಳೆಗಾಲದ ಗಾಳಿ ಒಣಗಿಸುವ ಡ್ರೈಯರ್ ಕೈಕೊಟ್ಟರೆ ಜಿಯೊಲೈಟ್ ನೀರು ಕುಡಿದು ಸೋಲುತ್ತದೆ, ಶುದ್ಧತೆ ಇಳಿಯುತ್ತದೆ. ಜನರೇಟರ್ ಇಲ್ಲದ ಘಟಕ ಕರೆಂಟ್ ಹೋದ ಕ್ಷಣ ನಿಲ್ಲುತ್ತದೆ. ಅದಕ್ಕೇ ಪಕ್ಕದಲ್ಲಿ ಸಿಲಿಂಡರ್ ಸಾಲು ಇರಲೇಬೇಕು.

ದೊಡ್ಡ ಡಿ ಸಿಲಿಂಡರಿನಲ್ಲಿ 7 ಘನ ಮೀಟರ್, ಅಂದರೆ 7,000 ಲೀಟರ್. 10ರ ಹರಿವಿಗೆ ಹನ್ನೊಂದೂವರೆ ತಾಸು, 60ಕ್ಕೆ ಎರಡು ತಾಸೂ ಇಲ್ಲ. ಸಣ್ಣ ಬಿ ಸಿಲಿಂಡರ್ 1,500 ಲೀಟರ್, 5ರ ಹರಿವಿಗೆ 5 ತಾಸು. ಕೊನೆಯ ತಾಸನ್ನು ಲೆಕ್ಕಕ್ಕೆ ಹಿಡಿಯಬೇಡಿ. ಕವಾಟಕ್ಕೆ ಎಣ್ಣೆ, ಗ್ರೀಸ್ ತಾಗಿಸಬೇಡಿ, ಬೆಂಕಿ ಹೊತ್ತುತ್ತದೆ. ತೇವಕ್ಕಿಡುವ ಬಾಟಲಿಗೆ ಕಾಯಿಸಿ ಆರಿಸಿದ ನೀರಿಗಿಂತ ಡಿಸ್ಟಿಲ್ಡ್ ನೀರು ಒಳ್ಳೆಯದು, ದಿನಾ ಬದಲಿಸಬೇಕು.

ನಿಪ್ಪಾಣಿ ನಾಕಾ · 15:41

ಫ್ಲೋಮೀಟರಿನ ಗುಂಡು ಮ್ಯಾಲಿನ ತುದಿ ಹಿಡೀಬೇಕೊ ನಡುವೊ?

ಫ್ಲೋಮೀಟರ್ · 15:43

ಗುಂಡಾಗಿದ್ದರೆ ನಡು. ಮೀಟರ್ ನೆಟ್ಟಗೆ ನಿಂತಿರಬೇಕು, ಓರೆಯಾದರೆ ಓದು ಸುಳ್ಳು.

ಕರದಂಟು ಅಂಗಡಿ · 16:05

ಲಸಿಕಿ ನಡುವಿನ ಅಂತರದ ಬಗ್ಗೆ ಒಂದು ಸಾಲು ಹಾಕ್ರಿ. ಕೋವಿಶೀಲ್ಡ್ ಮೊದಲು 4-6 ವಾರ, ಆಮ್ಯಾಲ 6-8, ಮೇ 13ಕ್ಕ 12-16 ಆತು. "ಲಸಿಕಿ ಇಲ್ಲ, ಅದಕ್ಕ ದೂಡ್ಯಾರ" ಅಂತ ಮಂದಿ ಅಂತಾರ. ಆಕ್ಸ್‌ಫರ್ಡ್ ಪ್ರಯೋಗಗಳ ವಿಶ್ಲೇಷಣೆಯೊಳಗ ಎರಡನೇ ಡೋಸು 6 ವಾರದ ಒಳಗ ಆದವರಿಗೆ ರಕ್ಷಣಾ 55.1%, 12 ವಾರ ಇಲ್ಲಾ ಹೆಚ್ಚು ಆದವರಿಗೆ 81.3% ಬಂದಿತ್ತು. ಕೋವ್ಯಾಕ್ಸಿನ್‌ಗೆ ಇದು ಅನ್ವಯ ಆಗಂಗಿಲ್ಲ, ಅದಕ್ಕ 4ರಿಂದ 6 ವಾರ.

ಎರಡನೇ ಗೇಟ್ · 16:12

ಸರಬರಾಜು ಕಡಿಮೆ ಇದ್ದದ್ದೂ ನಿಜವೇ. ಎರಡನ್ನೂ ಹೇಳಿದರೆ ಜನ ನಂಬುತ್ತಾರೆ.

ಮಲಪ್ರಭಾ ದಂಡಿ · 16:20

ಇದನ್ನ ಒಪ್ಪತೀನಿ. ಎರಡೂ ಬರೀರಿ.

ಗೋಡೆಪತ್ರಿಕೆ ಖಾನಾಪುರ · 19:45

ಎರಡನೇ ಸುದ್ದಿ ಹಿಂಗ ತಿದ್ದೀವಿ, ನೋಡ್ರಿ:

"ಕೋವಿಡ್‌ಗೆ ಪ್ಲಾಸ್ಮಾ ಚಿಕಿತ್ಸೆ ಈಗ ಮಾರ್ಗಸೂಚಿಯಲ್ಲಿ ಇಲ್ಲ. 39 ಆಸ್ಪತ್ರೆಗಳಲ್ಲಿ 464 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದರು. ಪ್ಲಾಸ್ಮಾ ಪಡೆದವರಲ್ಲಿ ನೂರಕ್ಕೆ 19, ಪಡೆಯದವರಲ್ಲಿ ನೂರಕ್ಕೆ 18 ಜನ ತೀರಿಕೊಂಡರು. ಯಾರಾದರೂ ಪ್ಲಾಸ್ಮಾ ತನ್ನಿ ಎಂದರೆ, ಯಾಕೆ ಎಂದು ವೈದ್ಯರನ್ನು ಕೇಳಿ. ರಕ್ತದಾನ ಮಾತ್ರ ನಿಲ್ಲಿಸಬೇಡಿ, ಹೆರಿಗೆಗೆ, ಅಪಘಾತಕ್ಕೆ ರಕ್ತ ಬೇಕು."

ಮಲಪ್ರಭಾ ದಂಡಿ · 20:02

ಒಂದು ತಪ್ಪೈತಿ. 19 ಮತ್ತ 18 ಬರೇ ತೀರಿಕೊಂಡವರ ಲೆಕ್ಕ ಅಲ್ಲ, ರೋಗ ಉಲ್ಬಣ ಆದವರೂ ಸೇರ್ಯಾರ. ಬರೇ ಸಾವು ಹೇಳಬೇಕಂದ್ರ 15 ಮತ್ತ 14. ಯಾವುದರ ಒಂದು ಹಾಕ್ರಿ, ಕಲಸಬ್ಯಾಡ್ರಿ. ರಕ್ತದಾನದ ಸಾಲು ಭಾಳ ಚೊಲೊ ಆಗೈತಿ.

ಸಾಕ್ಷಿ ಸಹಿ · 20:10

ಪ್ರಯೋಗದ ಕರೆ ಹಚ್ಚುವ ಮುಂಚೆ ಸಿಟಿಆರ್‌ಐ ಜಾಲತಾಣದಲ್ಲಿ ಸಂಖ್ಯೆ ಹಾಕಿ ತೆರೆದು ನೋಡಿ. ಬೆಳಗಾವಿ ಕೇಂದ್ರದ ಹೆಸರು ಪಟ್ಟಿಯಲ್ಲಿದೆಯೇ, ನೈತಿಕ ಸಮಿತಿ ಅನುಮೋದನೆ ಎದುರಿಗೆ "ಅನುಮೋದಿತ" ಎಂದಿದೆಯೇ, ಸೇರಿಸಿಕೊಳ್ಳುವುದು ಇನ್ನೂ ನಡೆದಿದೆಯೇ, ಮೂರೂ ಅಲ್ಲೇ ಕಾಣುತ್ತದೆ.

ಗೋಡೆಪತ್ರಿಕೆ ಖಾನಾಪುರ · 20:31

ತಿದ್ದೀವ್ರಿ. "ಪ್ಲಾಸ್ಮಾ ಪಡೆದವರಲ್ಲಿ ನೂರಕ್ಕೆ 15, ಪಡೆಯದವರಲ್ಲಿ ನೂರಕ್ಕೆ 14 ಜನ ತೀರಿಕೊಂಡರು." ಮರಾಠಿ ಕಡೆನೂ ಅದ ಅಂಕಿ. ಸಿಟಿಆರ್‌ಐ ಸಂಖ್ಯೆ ಸುದ್ದಿಪತ್ರದಾಗ ಇಲ್ಲ, ಸೋಮವಾರ ಕಾಲೇಜಿಗೆ ಫೋನ್ ಮಾಡಿ ಕೇಳತೀವಿ. ಸಿಗಲಿಲ್ಲಂದ್ರ ಆ ಜಾಗಕ್ಕ ಆಕ್ಸಿಮೀಟರ್ ನೋಡೋ ರೀತಿ ಹಾಕತೀವಿ.

ಅಥಣಿ ಹಾದಿ · 20:38

ಇಂಕ್‌ಜೆಟ್‌ನಾಗ ಹೊಡಸಬ್ಯಾಡ್ರಿ. ನಿಮ್ಮ ಕಡೆ ಮಳಿ ಹಿಡದೈತಿ, ಡೇರಿ ಗ್ವಾಡಿ ತೊಯ್ದಿದ್ರ ಎರಡ ದಿನಕ್ಕ ಅಂಕಿ ಎಲ್ಲಾ ಕಲಸಿ ಹೋಗತಾವ. ಲೇಸರ್ ಇಲ್ಲಾ ಆಫ್‌ಸೆಟ್, ಮ್ಯಾಲೆ ಪಾರದರ್ಶಕ ಹಾಳಿ, ನಾಲ್ಕೂ ಅಂಚಿಗೆ ಟೇಪ್.